ಕೀರ್ತನೆಗೆ ರಾಗ ಕೂಡಿಸಿದ ವರ್ಷ: ಆಗಮನ ಕಾಲದಿಂದ ಪೆಂತೆಕೋಸ್ತ್‌ವರೆಗೆ

ಮೊನ್ನೆ ಪೆಂತೆಕೋಸ್ತ್ ಹಬ್ಬಕ್ಕೆ, ಅಂದರೆ ಪವಿತ್ರಾತ್ಮ ಇಳಿದು ಬಂದದ್ದನ್ನು ನೆನೆಯುವ ಹಬ್ಬಕ್ಕೆ, ಬೈಬಲಿನ 104ನೇ ಕೀರ್ತನೆ ಹಾಡಿದೆವು. ಅಲ್ಲಿಗೆ ನಮ್ಮ ಚರ್ಚಿನ ಕಾಯರ್ (ಹಾಡುವವರ ತಂಡ) ಕೈಗೆತ್ತಿಕೊಂಡಿದ್ದ ಕೆಲಸ ಒಂದು ಸುತ್ತು ಮುಗಿಯಿತು. ಕ್ರಿಸ್ಮಸ್‌ಗೆ ಮೊದಲಿನ ಆಗಮನ ಕಾಲ, ಕ್ರಿಸ್ಮಸ್, ಪಾಸ್ಖಕ್ಕೆ ಮೊದಲಿನ ತಪಸ್ಸು ಕಾಲ, ಯೇಸುವಿನ ಪುನರುತ್ಥಾನದ ಪಾಸ್ಖ ಕಾಲದ ಭಾನುವಾರದ ಕೀರ್ತನೆಗಳಿಗೆ ಕನ್ನಡದಲ್ಲಿ ಹೊಸದಾಗಿ ರಾಗ ಕೂಡಿಸಿ, ಒಪ್ಪಿಗೆ ಪಡೆದು, ಜನರಿಗೆ ಕಲಿಸಿ ಹಾಡಬೇಕು ಅಂತ ಹೊರಟಿದ್ದೆವು. ಯಾರನ್ನು ಕೇಳಬೇಕು, ಯಾವ ಕಾಗದ ಬೇಕು, ಎಷ್ಟು ದುಡ್ಡು ತೆಗೆದಿಡಬೇಕು ಅಂತ ಹೇಳುವವರು ಶುರುವಿನಲ್ಲಿ ಯಾರೂ ಸಿಗಲಿಲ್ಲ. ಮುಂದಿನ ಆಗಮನ ಕಾಲಕ್ಕೆ ಇದನ್ನೇ ಮಾಡಬೇಕು ಅಂತ ಬೇರೆ ಊರಿನ ಕೆಲವು ಕಾಯರ್‌ನವರು ಫೋನ್ ಮಾಡಿ ಕೇಳುತ್ತಿದ್ದಾರೆ. ಅವರಿಗಾಗಿ ನಡೆದದ್ದನ್ನು ನಡೆದ ಹಾಗೇ ಬರೆಯುತ್ತಿದ್ದೇನೆ.

ನಮ್ಮದು ಸಾಗರದಿಂದ ಹೊಸನಗರದ ಕಡೆ ಹೋಗುವ ದಾರಿಯಲ್ಲಿರುವ ಸಣ್ಣ ಕಥೋಲಿಕ ಧರ್ಮಕೇಂದ್ರ, ಅಂದರೆ ಒಂದು ಚರ್ಚು ಮತ್ತು ಅದರ ಜನ. ಅಡಿಕೆ ತೋಟದಲ್ಲಿ ಕೆಲಸ ಮಾಡುವವರು, ಶರಾವತಿ ಯೋಜನೆಯ ಕಾಲದಲ್ಲಿ ಬಂದು ಇಲ್ಲೇ ನಿಂತವರು, ಘಟ್ಟದ ಕೆಳಗಿನಿಂದ ಬಂದವರು ಎಲ್ಲ ಇದ್ದಾರೆ. ಕೆಲವರ ಮನೆಮಾತು ಕೊಂಕಣಿ, ಕೆಲವರದ್ದು ತಮಿಳು. ಪೂಜೆ ಮಾತ್ರ ಕನ್ನಡದಲ್ಲಿ. ನಮ್ಮ ಶಿವಮೊಗ್ಗ ಧರ್ಮಕ್ಷೇತ್ರ (ಒಬ್ಬ ಬಿಷಪರ ಕೆಳಗಿನ ಧರ್ಮಕೇಂದ್ರಗಳೆಲ್ಲ ಸೇರಿದ್ದು) ಚಿಕ್ಕಮಗಳೂರಿನಿಂದ ಬೇರೆಯಾದದ್ದು 1988ರಲ್ಲಿ. ಅದಕ್ಕೂ ಮೊದಲಿನ ಹಾಡುಗಳನ್ನು ಈಗಲೂ ಬಾಯಿಪಾಠ ಹೇಳುವ ಹಿರಿಯರು ನಮ್ಮಲ್ಲಿದ್ದಾರೆ. ಹಾಡಿಗೆ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ಒಂದೇ ಜಾಗದಲ್ಲಿ. ಪೂಜೆಯಲ್ಲಿ ಬೈಬಲಿನ ಮೊದಲ ವಾಚನ ಆದ ಮೇಲೆ ಬರುವ ಕೀರ್ತನೆಯನ್ನು ಒಬ್ಬರು ಗಡಿಬಿಡಿಯಲ್ಲಿ ಓದಿಬಿಡುತ್ತಿದ್ದರು. ಇಲ್ಲವೇ ಆ ದಿನದ ವಾಚನಕ್ಕೆ ಸಂಬಂಧವೇ ಇಲ್ಲದ ಯಾವುದಾದರೂ ಭಕ್ತಿಗೀತೆ ಹಾಡುತ್ತಿದ್ದೆವು.

ಕೀರ್ತನೆ ಸುಮ್ನೆ ನಡುವೆ ತುಂಬಿಸುವ ಹಾಡಲ್ಲ. ಅದೂ ದೇವರ ವಾಕ್ಯವೇ. ಅದನ್ನು ವಾಚನ ಮಾಡುವ ಜಾಗದಿಂದ, ಇಲ್ಲವೇ ಬೇರೆ ತಕ್ಕ ಜಾಗದಿಂದ ಹಾಡಬೇಕು, ಜನ ಕುಳಿತು ಕೇಳಿ ಪಲ್ಲವಿಯಲ್ಲಿ ಉತ್ತರ ಕೊಡಬೇಕು. ರೋಮಿನ ಪೂಜಾವಿಧಿಯ ನಿಯಮಗಳು ಹೇಳುವುದೂ ಇದನ್ನೇ. ನಮ್ಮ ಫಾದರ್ ಹೋದ ವರ್ಷ ಪಾಸ್ಖ ಹಬ್ಬ ಮುಗಿದ ಮೇಲೆ ಇದನ್ನು ಬಿಡಿಸಿ ಹೇಳಿದರು. "ಮಾಡೋಣ ಫಾದರ್" ಅಂದೆ. ಕೆಲಸ ಎಷ್ಟು ದೊಡ್ಡದು ಅಂತ ಆಗ ಯಾರಿಗೂ ಗೊತ್ತಿರಲಿಲ್ಲ.

ಮೊದಲು ಪಟ್ಟಿ ಮಾಡಿಕೊಂಡೆವು. ಭಾನುವಾರದ ವಾಚನಗಳು ಮೂರು ವರ್ಷಕ್ಕೊಮ್ಮೆ ತಿರುಗಿ ಬರುತ್ತವೆ. ಎ, ಬಿ, ಸಿ ಅಂತ ಹೆಸರು. 2025ರ ನವೆಂಬರ್ 30ಕ್ಕೆ ಆಗಮನ ಕಾಲ ಶುರುವಾದಾಗ ಎ ವರ್ಷ ಬಂತು. ಆಗಮನ ಕಾಲದ ನಾಲ್ಕು ಭಾನುವಾರಕ್ಕೆ ಕೀರ್ತನೆ 122, 72, 146, 24. ಕ್ರಿಸ್ಮಸ್ ರಾತ್ರಿಗೆ 96. ತಪಸ್ಸು ಕಾಲದ ಐದು ಭಾನುವಾರಕ್ಕೆ 51, 33, 95, 23, 130. ಗರಿಗಳ ಭಾನುವಾರಕ್ಕೆ 22, ಶುಭ ಶುಕ್ರವಾರಕ್ಕೆ 31, ಪಾಸ್ಖ ಹಬ್ಬಕ್ಕೆ 118.

ಪಟ್ಟಿ ನೋಡಿ ಗಾಬರಿ ಆಗುವವರಿಗೆ ಒಂದು ಮಾತು. ಪ್ರತಿ ವಾರಕ್ಕೂ ಹೊಸ ಕೀರ್ತನೆ ಆಗಲೇಬೇಕು ಅಂತ ಇಲ್ಲ. ಇಡೀ ಕಾಲಕ್ಕೆ ಒಂದೇ ಕೀರ್ತನೆ ಹಾಡಲು ವಾಚನಗ್ರಂಥದಲ್ಲೇ ಅವಕಾಶವಿದೆ. ಆಗಮನ ಕಾಲಕ್ಕೆ 25 ಅಥವಾ 85, ತಪಸ್ಸು ಕಾಲಕ್ಕೆ 51, 91 ಅಥವಾ 130, ಪಾಸ್ಖ ಕಾಲಕ್ಕೆ 118 ಅಥವಾ 66. ಕಾಯರ್ ಸಣ್ಣದಿದ್ದರೆ, ಹಾಡುವವರು ನಾಲ್ಕೇ ಜನ ಇದ್ದರೆ, ದಯವಿಟ್ಟು ಇಲ್ಲಿಂದ ಶುರು ಮಾಡಿ. ಒಂದು ಕಾಲಕ್ಕೆ ಒಂದು ಕೀರ್ತನೆ ಚೆನ್ನಾಗಿ ಕೂತರೂ ಜನ ಹಾಡುತ್ತಾರೆ.

ಆಮೇಲೆ ಪಠ್ಯದ ವಿಷಯ. ಇದರಲ್ಲೇ ಜಾಸ್ತಿ ಸಮಯ ಹೋಯಿತು. ಕನ್ನಡ ಅನುವಾದಕ್ಕೂ ಹಕ್ಕುದಾರರು ಇರುತ್ತಾರೆ. ಪೂಜೆಯಲ್ಲಿ ಓದುವುದಕ್ಕೆ ಯಾರೂ ಕೇಳುವುದಿಲ್ಲ. ಆದರೆ ಪುಸ್ತಕ ಅಚ್ಚು ಹಾಕಿ ಹಂಚುವುದು, ಧ್ವನಿಮುದ್ರಣ ಮಾಡುವುದು ಬೇರೆ ಮಾತು. ಯಾವ ಕೀರ್ತನೆ, ಎಷ್ಟು ಪ್ರತಿ, ಮಾರಾಟಕ್ಕೋ ಉಚಿತವೋ, ಎಲ್ಲಿ ಬಳಸುತ್ತೇವೆ ಅಂತ ಬರೆದು, ಫಾದರ್ ಸಹಿ ಮತ್ತು ಧರ್ಮಕೇಂದ್ರದ ಸೀಲು ಹಾಕಿಸಿ ಹಕ್ಕುದಾರರಿಗೆ ಕಳಿಸಿದೆವು. ಉತ್ತರ ಬರಲು ಮಳೆಗಾಲ ಪೂರ್ತಿ ಹೋಯಿತು. ಫೋನ್‌ನಲ್ಲಿ "ಆಯ್ತು, ಮಾಡಿ" ಅಂದರೂ ಬರಹದಲ್ಲಿ ಪಡೆಯಿರಿ. ಮುಂದೆ ಪ್ರೆಸ್ಸಿನವರು ಅದನ್ನೇ ಕೇಳಿದರು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರಾಗ ಹಾಕುವ ಕೆಲಸ. ಮಲೆನಾಡಿನ ಮಳೆಗಾಲ ಹೇಗಿರುತ್ತದೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಸಂಜೆ ಕರೆಂಟ್ ಇಲ್ಲ, ಕೀಬೋರ್ಡ್ ಮೂಲೆ ಸೇರಿತು. ಹಾರ್ಮೋನಿಯಂ ತೆಗೆದರೆ ತಿದಿಯ ಚರ್ಮಕ್ಕೆ ಬೂಸ್ಟು ಹಿಡಿದಿದೆ, ನಡುವಿನ ಎರಡು ಮನೆ ಒತ್ತಿದರೆ ಉಸಿರು ಮಾತ್ರ ಬರುತ್ತದೆ. ಶಿವಮೊಗ್ಗಕ್ಕೆ ಒಯ್ದು ರೀಡ್ ಬದಲಿಸಿ, ಶ್ರುತಿ ಸರಿ ಮಾಡಿಸಿಕೊಂಡು ಬರಲು ಬಸ್ ಖರ್ಚೂ ಸೇರಿ ₹3,000ದ ಹತ್ತಿರ ಆಯಿತು. ಅಲ್ಲಿಂದ ಈಚೆಗೆ ಹಾರ್ಮೋನಿಯಂ ಇಡುವ ಕಪಾಟಿನಲ್ಲಿ ಸಣ್ಣದೊಂದು ಬಲ್ಬ್ ಉರಿಸಿಡುತ್ತೇವೆ. ಮತ್ತೆ ಬೂಸ್ಟು ಬಂದಿಲ್ಲ.

ರಾಗ ಹಾಕಲು ಕೂತಾಗ ನಿಜವಾದ ತೊಡಕು ಎದುರಾಯಿತು. ಕೀರ್ತನೆಯ ಸಾಲುಗಳು ಒಂದೇ ಅಳತೆಯಲ್ಲಿರುವುದಿಲ್ಲ. ಒಂದು ಸಾಲು ನಾಲ್ಕು ಪದಕ್ಕೆ ಮುಗಿದರೆ ಮುಂದಿನದು ಹನ್ನೊಂದು ಪದ ಓಡುತ್ತದೆ. ನಮ್ಮ ತಬಲಾ ಬಾರಿಸುವ ಹುಡುಗ ಆದಿತಾಳ ಹಿಡಿದರೆ ಮಾತು ತಾಳದಿಂದ ಹೊರಗೆ ಬೀಳುತ್ತದೆ. ಮಾತನ್ನು ತಾಳಕ್ಕೆ ಹೊಂದಿಸಿ ಕತ್ತರಿಸಿದರೆ ಅದು ಕೀರ್ತನೆಯಾಗಿ ಉಳಿಯುವುದಿಲ್ಲ. ಮಾದರಿ ನೋಡಿದ ಧರ್ಮಕ್ಷೇತ್ರದ ಗುರುಗಳೊಬ್ಬರು ಇದನ್ನು ಬಹಳ ಪ್ರೀತಿಯಿಂದ, ಅಷ್ಟೇ ಗಟ್ಟಿಯಾಗಿ ಹೇಳಿದರು: "ನಿಮ್ಮ ಸ್ವಂತ ಹಾಡಿಗೆ ಪದ ಹೇಗೆ ಬೇಕಾದರೂ ಹೊಂದಿಸಿಕೊಳ್ಳಿ. ಇದು ವಾಚನ. ರಾಗವೇ ಬಗ್ಗಬೇಕು."

ದಾರಿ ತೋರಿಸಿದ್ದು ಹೊಸಹಳ್ಳಿ. ಶಿವಮೊಗ್ಗದ ಹತ್ತಿರ ತುಂಗೆಯ ದಡದಲ್ಲಿ ಮತ್ತೂರಿನ ಎದುರಿಗಿರುವ ಊರು, ಗಮಕಕ್ಕೆ ಹೆಸರಾದದ್ದು. 2022ರಲ್ಲಿ ಪದ್ಮಶ್ರೀ ಪಡೆದ ಗಮಕಿ ಎಚ್.ಆರ್. ಕೇಶವಮೂರ್ತಿ ಅವರ ಊರು ಅದೇ. ನಮ್ಮ ಶಾಲೆಯ ಕನ್ನಡ ಮೇಡಂ ಒಂದು ಗಮಕ ವಾಚನಕ್ಕೆ ಕರೆದುಕೊಂಡು ಹೋದರು. ಗಮಕಿ ಕುಮಾರವ್ಯಾಸನನ್ನು ಓದುತ್ತಿದ್ದರು. ತಾಳ ಇಲ್ಲ. ಶ್ರುತಿಯೊಂದೇ. ಅರ್ಥಕ್ಕೆ ತಕ್ಕ ಹಾಗೆ ಪದ ಬಿಡಿಸುತ್ತಾರೆ, ಬೇಕಾದಲ್ಲಿ ನಿಲ್ಲುತ್ತಾರೆ, ರಾಗ ಎಲ್ಲೂ ಮಾತಿನ ಮೇಲೆ ಏರಿ ಕೂರುವುದಿಲ್ಲ. ಹಿಂದಿನ ಸಾಲಿನಲ್ಲಿ ಕೂತಿದ್ದವರಿಗೂ ಒಂದೊಂದು ಅಕ್ಷರ ಕೇಳುತ್ತಿತ್ತು. ನನಗೆ ಮೈ ಜುಮ್ಮೆಂದಿತು. ನಮಗೆ ಬೇಕಾದ ಕ್ರಮ ನಮ್ಮ ಜಿಲ್ಲೆಯಲ್ಲೇ ಇತ್ತು, ಅಲ್ವಾ? ಚರ್ಚಿನ ಹಳೆಯ ಗ್ರೆಗೋರಿಯನ್ ಗಾಯನದಲ್ಲೂ ಕೀರ್ತನೆ ಹಾಡುವುದು ಹೀಗೇ. ಒಂದು ಸ್ವರದ ಮೇಲೆ ನಿಂತು ಮಾತನ್ನು ಹೇಳುತ್ತಾ ಹೋಗಿ, ಮುಖ್ಯವಾಗಿ ಸಾಲಿನ ನಡುವಿನ ನಿಲುಗಡೆಯಲ್ಲಿ ಮತ್ತು ಕೊನೆಯಲ್ಲಿ ಸ್ವರ ಬದಲಿಸುತ್ತಾರೆ. ಎರಡೂ ಒಂದೇ ಅಂತ ನಾನು ಹೇಳುತ್ತಿಲ್ಲ. ಆದರೆ ಎರಡರಲ್ಲೂ ಮಾತಿಗೆ ಮೊದಲ ಮಣೆ.

1963ರ ಡಿಸೆಂಬರ್ 4ರಂದು ಬಂದ ಎರಡನೇ ವ್ಯಾಟಿಕನ್ ಮಹಾಸಭೆಯ ಆರಾಧನಾವಿಧಿಯ ಸಂವಿಧಾನ ಆಯಾ ನಾಡಿನ ಸಂಗೀತ ಪರಂಪರೆಗೆ ತಕ್ಕ ಮನ್ನಣೆ ಕೊಡಬೇಕು ಅನ್ನುತ್ತದೆ. ದೊಡ್ಡ ಕಾಯರ್‌ಗಳಿಗೆ ಮಾತ್ರವಲ್ಲ, ಸಣ್ಣವುಗಳಿಗೂ ಇಡೀ ಸಭೆಗೂ ಆಗುವಂಥದ್ದನ್ನು ಬರೆಯಿರಿ ಅಂತ ಸಂಗೀತಗಾರರಿಗೆ ಹೇಳುವುದೂ ಅದರಲ್ಲೇ ಇದೆ. ಫಾದರ್ ಇದನ್ನು ಓದಿ ಹೇಳಿದ ಸಂಜೆ ನಮ್ಮ ಕಾಯರ್‌ನವರ ಮುಖ ನೋಡಬೇಕಿತ್ತು. ನಮ್ಮಂಥವರನ್ನು ನೆನೆದು ರೋಮಿನಲ್ಲಿ ಬರೆದಿದ್ದಾರೆ ಅನ್ನುವುದೇ ಎಷ್ಟು ದೊಡ್ಡ ಧೈರ್ಯ!

ಕೊನೆಗೆ ನಾವು ಮಾಡಿಕೊಂಡ ಕ್ರಮ ಇಷ್ಟು. ಕೀರ್ತನೆಯ ಪ್ರತಿ ಸಾಲಿಗೂ ಸಾಮಾನ್ಯವಾಗಿ ಎರಡು ಭಾಗ ಇರುತ್ತದೆ. ಮೊದಲನೆಯದು ಹೇಳಿದ್ದನ್ನು ಎರಡನೆಯದು ಇನ್ನೊಂದು ರೀತಿಯಲ್ಲಿ ಹೇಳುತ್ತದೆ. ಮೊದಲ ಭಾಗವನ್ನು ಪಂಚಮದ ಮೇಲೆ ನಿಂತು ಹೇಳಿ, ಕೊನೆಯ ಕೆಲವು ಅಕ್ಷರಕ್ಕೆ ಗಾಂಧಾರ, ರಿಷಭಕ್ಕೆ ಇಳಿಯುವುದು. ಎರಡನೇ ಭಾಗವನ್ನು ಗಾಂಧಾರದ ಮೇಲೆ ಹೇಳಿ, ರಿಷಭ ಮುಟ್ಟಿ ಷಡ್ಜಕ್ಕೆ ಬರುವುದು. ಸಾಲು ಉದ್ದ ಇದ್ದರೂ ಗಿಡ್ಡ ಇದ್ದರೂ ಇದೇ ದಾರಿ. ಪಲ್ಲವಿಗೆ ಮಾತ್ರ ತಾಳ ಇಟ್ಟೆವು, ಅದು ಜನ ಹಾಡುವ ಭಾಗ. ಪಲ್ಲವಿ ಐದಾರು ಸ್ವರದೊಳಗೇ ಇರಲಿ. ತಾರಸ್ಥಾಯಿಗೆ ಹೋದರೆ ಗಂಡಸರು ಬಾಯಿ ಮುಚ್ಚಿಕೊಳ್ಳುತ್ತಾರೆ.

ಪ್ರತಿ ಪಲ್ಲವಿಯನ್ನೂ ಮುಂದಿನ ಬೆಂಚಿನಲ್ಲಿ ಕೂರುವ ಅಜ್ಜಿಯೊಬ್ಬರಿಗೆ ಮೊದಲು ಹಾಡಿ ಕೇಳಿಸುತ್ತಿದ್ದೆವು. ಅವರಿಗೆ ಓದು ಬಾರದು. ಒಂದು ಸಲ ಕೇಳಿ ತಿರುಗಿ ಹಾಡಿದರೆ ಅದು ಸರಿ. "ಇನ್ನೊಂದು ಸಲ ಹೇಳು ಮಗಾ" ಅಂದರೆ ಮತ್ತೆ ಕೂತು ಸುಲಭ ಮಾಡುತ್ತಿದ್ದೆವು.

ರಾಗದ ಆಯ್ಕೆಯಲ್ಲಿ ನನಗೆ ತುಂಬಾ ಖುಷಿ ಕೊಟ್ಟದ್ದು ತಪಸ್ಸು ಕಾಲ ಮತ್ತು ಪಾಸ್ಖ ಕಾಲದ ಜೋಡಿ. ಆಗಮನ ಕಾಲಕ್ಕೆ ಅಭೇರಿ, ಕ್ರಿಸ್ಮಸ್‌ಗೆ ಹಂಸಧ್ವನಿ ಅಂತ ಬೇಗ ತೀರ್ಮಾನವಾಯಿತು. ತಪಸ್ಸು ಕಾಲಕ್ಕೆ ಶಿವರಂಜನಿ, ಪಾಸ್ಖಕ್ಕೆ ಮೋಹನ ಇಟ್ಟುಕೊಂಡೆವು. ಎರಡಕ್ಕೂ ಐದೈದೇ ಸ್ವರ: ಸ ರಿ ಗ ಪ ದ. ಬೇರೆಯಾಗುವುದು ಗಾಂಧಾರ ಒಂದೇ. ಹಾರ್ಮೋನಿಯಂನಲ್ಲಿ ಬಿಳಿ ಒಂದರಲ್ಲಿ ಷಡ್ಜ ಹಿಡಿದರೆ ತಪಸ್ಸು ಕಾಲದ ಗಾಂಧಾರ ಕರಿ ಎರಡು, ಪಾಸ್ಖದ ಗಾಂಧಾರ ಬಿಳಿ ಮೂರು. ಪಕ್ಕದ ಮನೆಗೆ ಒಂದು ಬೆರಳು ಸರಿದರೆ ಸಾಕು. ಅದೇ ದಾರಿ, ಅದೇ ನಿಲುಗಡೆ, ಆದರೆ ಅಳು ಹೋಗಿ ನಗು ಬರುತ್ತದೆ. ಕಾಯರ್‌ಗೆ ಎರಡು ಸಲ ಕಲಿಸುವ ಕಷ್ಟವೂ ತಪ್ಪಿತು.

ಧರ್ಮಕ್ಷೇತ್ರದ ಒಪ್ಪಿಗೆಗೆ ಕೊಟ್ಟ ಕಾಗದಗಳನ್ನು ಹೇಳುತ್ತೇನೆ. ಫಾದರ್ ಅವರ ಪತ್ರ, ಪ್ರತಿ ಕೀರ್ತನೆಯ ಪೂರ್ತಿ ಪಠ್ಯ, ಅಧ್ಯಾಯ ಮತ್ತು ವಚನದ ಸಂಖ್ಯೆ, ಯಾವ ಭಾನುವಾರ ಅನ್ನುವುದು, ಸ್ವರಲಿಪಿ, ಫೋನ್‌ನಲ್ಲೇ ಹಾಡಿ ತುಂಬಿಸಿದ ಪೆನ್‌ಡ್ರೈವ್, ಮತ್ತು ರಾಗ ಹಾಕಿದವರೆಲ್ಲ ಸಹಿ ಮಾಡಿದ ಒಂದು ಒಪ್ಪಂದ. ಈ ಕೊನೆಯದು ಮುಖ್ಯ. ನಮ್ಮಲ್ಲಿ ಮೂವರು ಸೇರಿ ರಾಗ ಹಾಕಿದ್ದೆವು. ಯಾರ ಹೆಸರು ಎಲ್ಲಿ ಬರಬೇಕು, ಬೇರೆ ಧರ್ಮಕೇಂದ್ರದವರು ಹಾಡಿದರೆ ದುಡ್ಡು ಕೇಳಬೇಕಾ ಬೇಡವಾ ಅಂತ ಮೊದಲೇ ಬರೆದಿಟ್ಟುಕೊಂಡಿದ್ದರಿಂದ ಮನಸ್ತಾಪ ಆಗಲಿಲ್ಲ. ದುಡ್ಡು ಬೇಡ ಅಂತ ಮೂವರೂ ಒಪ್ಪಿದೆವು. ಕೀರ್ತನೆಯ ಸಂಖ್ಯೆ ಬರೆಯುವಾಗ ಎಚ್ಚರ. ಹಳೆಯ ಲತೀನ್ ಬೈಬಲ್ ಲೆಕ್ಕದಲ್ಲಿ ಹೆಚ್ಚಿನ ಕೀರ್ತನೆಗಳ ಸಂಖ್ಯೆ ಒಂದು ಕಡಿಮೆ ಬರುತ್ತದೆ. ಹಳೆಯ ಪುಸ್ತಕದಲ್ಲಿ 129 ಅಂತ ಕಂಡದ್ದು ಈಗಿನ 130.

ಕಾಯುವುದು ಕಷ್ಟ. ದಿನಾ ಫೋನ್ ನೋಡುತ್ತಿದ್ದೆ. ನಮ್ಮ ಬೆಟ್ಟದ ಊರಲ್ಲಿ ನೆಟ್‌ವರ್ಕ್ ಸಿಗುವುದೇ ಚರ್ಚಿನ ಹಿಂದಿನ ದಿಬ್ಬದಲ್ಲಿ. ಕೆಲವು ತಿದ್ದುಪಡಿ ಬಂದವು. ಒಂದು ಪಲ್ಲವಿ ವಾಚನಗ್ರಂಥದ ಹಾಗೇ ಇರಲಿ ಅಂದರು, ಎರಡು ಕಡೆ ಬಿಟ್ಟುಹೋದ ವಚನ ಸೇರಿಸಿ ಅಂದರು. ಅಕ್ಟೋಬರ್ ಕೊನೆಗೆ "ಒಂದು ವರ್ಷ ನಿಮ್ಮ ಧರ್ಮಕೇಂದ್ರದಲ್ಲಿ ಹಾಡಿ ನೋಡಿ" ಅಂತ ಪತ್ರ ಬಂತು. ಫಾದರ್ ಅದನ್ನು ಪೂಜೆಯ ಕೊನೆಯಲ್ಲಿ ಓದಿದಾಗ ನನಗೆ ಅಳು ತಡೆಯಲು ಆಗಲಿಲ್ಲ.

ಅಭ್ಯಾಸ ಶುರುವಾಗುವ ಹೊತ್ತಿಗೆ ಅಡಿಕೆ ಕೊಯ್ಲು ಬಂತು. ಹಗಲು ಕೊಯ್ಲು, ರಾತ್ರಿ ಸುಲಿಯುವುದು, ಬೇಯಿಸುವುದು. ಕಾಯರ್‌ನ ಅರ್ಧ ಜನ ಅದರಲ್ಲೇ. ಚರ್ಚಿಗೆ ಬನ್ನಿ ಅಂದರೆ ಯಾರಿಗೂ ಆಗುವುದಿಲ್ಲ. ಹಾಗಾಗಿ ಸುಲಿಯುವ ಚಪ್ಪರಕ್ಕೇ ನಾವು ಹೋದೆವು. ಕತ್ತಿಯ ಮುಂದೆ ಕೂತು ಕೈ ಅದರ ಪಾಡಿಗೆ ಸುಲಿಯುತ್ತಿರುತ್ತದೆ, ಬಾಯಿ ಪಲ್ಲವಿ ಹಾಡುತ್ತಿರುತ್ತದೆ. ತೋಟದ ಯಜಮಾನರು, ಅವರು ನಮ್ಮ ಧರ್ಮದವರಲ್ಲ, ಎಲ್ಲರಿಗೂ ಕಾಫಿ ಕೊಡಿಸಿ ಕೂತು ಕೇಳಿದರು. ಮಲೆನಾಡಿನಲ್ಲಿ ಆಗಮನ ಕಾಲದ ಅಭ್ಯಾಸ ಇಟ್ಟುಕೊಳ್ಳುವವರು ಸೆಪ್ಟೆಂಬರ್‌ನಲ್ಲೇ ಮುಗಿಸಿಕೊಳ್ಳಿ, ಇಲ್ಲವೇ ಹೀಗೆ ಜನ ಇರುವಲ್ಲಿಗೆ ಹೋಗಿ.

ಮೊದಲ ಭಾನುವಾರ 122ನೇ ಕೀರ್ತನೆ. ಪ್ರಭುವಿನ ಮನೆಗೆ ಹೋಗೋಣ ಬನ್ನಿ ಅನ್ನುವ ಸಂತೋಷದ ಹಾಡು. ಜನ ಮೊದಲ ಸಲ ಮೆಲ್ಲಗೆ, ಮೂರನೇ ಸಲಕ್ಕೆ ದೊಡ್ಡದಾಗಿ ಹಾಡಿದರು. ಪೂಜೆ ಆದ ಮೇಲೆ ಹಿರಿಯರೊಬ್ಬರು ನನ್ನನ್ನು ನಿಲ್ಲಿಸಿ, "ಇಷ್ಟು ವರ್ಷ ನಾವು ಹಾಡಿದ್ದೆಲ್ಲ ಬೇಡವಾಯ್ತಾ?" ಅಂತ ಕೇಳಿದರು. ಆ ಪ್ರಶ್ನೆ ನನಗೆ ನೋವಾಯಿತು. ಅವರ ನೋವೂ ನಿಜವೇ. ಪ್ರವೇಶಕ್ಕೆ, ಕಾಣಿಕೆಗೆ, ಪರಮಪ್ರಸಾದಕ್ಕೆ ಹಳೆಯ ಹಾಡುಗಳೇ ಇವೆ, ಇರುತ್ತವೆ ಅಂತ ಕೂರಿಸಿ ಹೇಳಿದೆವು. ಹೊಸದು ತರುವವರು ಇದನ್ನು ಮೊದಲ ವಾರವೇ ಮೈಕಿನಲ್ಲಿ ಹೇಳಿಬಿಡಿ.

2026ರ ಫೆಬ್ರವರಿ 18ಕ್ಕೆ ತಪಸ್ಸು ಕಾಲ ಶುರುವಾಗುವ ವಿಭೂತಿ ಬುಧವಾರ. ತಪಸ್ಸು ಕಾಲದಲ್ಲಿ ಅಲ್ಲೆಲೂಯ ಅನ್ನುವ ಸ್ತುತಿಯ ಹಾಡು ಇಲ್ಲ. ವಾದ್ಯ ನುಡಿಸುವುದು ಹಾಡಿಗೆ ಆಸರೆಯಾಗಿ ಮಾತ್ರ. ನಾಲ್ಕನೇ ಭಾನುವಾರ, ಮಹೋತ್ಸವಗಳು ಮತ್ತು ಹಬ್ಬಗಳಿಗೆ ವಿನಾಯಿತಿ ಇದೆ. ಕೀಬೋರ್ಡ್ ಹುಡುಗರಿಗೆ ಬೇಜಾರು. ಆದರೆ ಬರೀ ಶ್ರುತಿ ಇಟ್ಟು 51ನೇ ಕೀರ್ತನೆ ಹಾಡಿದಾಗ ಮಾತುಗಳು ಎಷ್ಟು ಸ್ಪಷ್ಟವಾಗಿ ಕೇಳಿದವು ಅಂತ ಅವರೇ ಹೇಳಿದರು. ನಾಲ್ಕನೇ ಭಾನುವಾರ ಮಾರ್ಚ್ 15ಕ್ಕೆ ಬಂತು, ಕುರುಬನ ಕೀರ್ತನೆ, 23. ಅವತ್ತು ಕೀಬೋರ್ಡ್, ತಬಲಾ ಎಲ್ಲ ನುಡಿಸಿದೆವು.

ಐದನೇ ಭಾನುವಾರದ 130ನೇ ಕೀರ್ತನೆಯನ್ನು ನಮ್ಮ ಕಾಯರ್‌ನ ಅಣ್ಣ ಒಬ್ಬರು ಹಾಡಿದರು. ಭತ್ತ ತೆನೆ ಕಟ್ಟುವ ಕಾಲದಲ್ಲಿ ಕಾಡುಹಂದಿ ಕಾಯಲು ಅಟ್ಟಣೆ ಮೇಲೆ ರಾತ್ರಿ ಕಳೆಯುವವರು ಅವರು. ಬೆಳಗಾಗುವುದನ್ನು ಕಾಯುವ ಕಾವಲುಗಾರನಿಗಿಂತ ಹೆಚ್ಚಾಗಿ ನನ್ನ ಮನ ಪ್ರಭುವಿಗಾಗಿ ಕಾದಿದೆ ಅನ್ನುವ ಸಾಲು ಅದರಲ್ಲಿದೆ. ಅಭ್ಯಾಸದಲ್ಲಿ ಅವರು ಆ ಸಾಲನ್ನು ಬಹಳ ನಿಧಾನ ಮಾಡುತ್ತಿದ್ದರು. ಬೇಗ ಹಾಡಿ ಅಂದೆ. "ರಾತ್ರಿ ಬೇಗ ಹೋಗಲ್ಲ ಟೀಚರ್" ಅಂದರು. ಹಾಗೇ ಬಿಟ್ಟೆ. ಈಗ ಬರೆದಿಟ್ಟ ಸ್ವರಲಿಪಿಯಲ್ಲೂ ಅಲ್ಲಿ "ನಿಧಾನ" ಅಂತ ಬರೆದಿದ್ದೇವೆ.

ಪಾಸ್ಖದ ಹಿಂದಿನ ರಾತ್ರಿ ನಡೆಯುವ ಪಾಸ್ಖ ಜಾಗರಣೆಗೆ ತಯಾರಿ ಬೇರೆಯೇ ಬೇಕು. ಹಳೆಯ ಒಡಂಬಡಿಕೆಯಿಂದ ಏಳು ವಾಚನ, ಪ್ರತಿಯೊಂದಕ್ಕೂ ಒಂದು ಕೀರ್ತನೆ ಅಥವಾ ಗೀತೆ. ಕಡಿಮೆ ಮಾಡಿದರೂ ಮೂರು ಓದಲೇಬೇಕು, ಕೆಂಪು ಸಮುದ್ರ ದಾಟುವ ವಾಚನ ಬಿಡುವ ಹಾಗಿಲ್ಲ. ನಾವು ನಾಲ್ಕು ಇಟ್ಟುಕೊಂಡೆವು. ನಾಲ್ಕಕ್ಕೂ ನಾಲ್ಕು ಜನ ಗಾಯಕರನ್ನು ಮಾಡಿ, ಒಬ್ಬೊಬ್ಬರಿಗೂ ಒಂದೊಂದನ್ನೇ ಕಲಿಸಿದ್ದರಿಂದ ಹಗುರಾಯಿತು. ಮೂರು ಸಲ ಅಲ್ಲೆಲೂಯ ಏರಿಸಿ ಹಾಡಿದ ಮೇಲೆ ಮೋಹನದಲ್ಲಿ 118 ಬಂತು. ಬೆಳಕಿನಲ್ಲಿ ನಿಂತು ಜನ ಪಲ್ಲವಿ ಎತ್ತಿಕೊಂಡ ರಭಸಕ್ಕೆ ನನ್ನ ಹಾರ್ಮೋನಿಯಂ ನನಗೇ ಕೇಳಲಿಲ್ಲ.

ಆಮೇಲಿನದು ಪುಸ್ತಕ ಮತ್ತು ಧ್ವನಿಮುದ್ರಣ. ನಾವು ಟೈಪ್ ಮಾಡಿದ್ದು ಯೂನಿಕೋಡ್‌ನಲ್ಲಿ, ಪ್ರೆಸ್ಸಿನಲ್ಲಿ ಇದ್ದದ್ದು 'ನುಡಿ' ತಂತ್ರಾಂಶದ ಹಳೆಯ ಅಕ್ಷರ. ಬದಲಾಯಿಸಿದಾಗ ಒತ್ತಕ್ಷರಗಳು ಚೆಲ್ಲಾಪಿಲ್ಲಿ. ಸ್ವರಲಿಪಿಯಲ್ಲಿ ಪದದ ಕೆಳಗೆ ಕೂರಬೇಕಾದ ಸ್ವರ ಎಲ್ಲೋ ಕೂತಿತು. ಕರಡು ತಿದ್ದುವುದಕ್ಕೆ ಹಾಡು ಬಲ್ಲವರೇ ಬೇಕು. 200 ಪ್ರತಿ, ತೆಳು ರಟ್ಟು, ₹9,000 ಚಿಲ್ಲರೆ. ಧ್ವನಿಮುದ್ರಣಕ್ಕೆ ಒಂದು ಸ್ಟುಡಿಯೋಗೆ ಮುಂಗಡ ಕೊಟ್ಟೆವು. ಅವರು ನಮ್ಮನ್ನು ಕೇಳದೆ ಡ್ರಮ್ಸ್ ಸೇರಿಸಿ, ದನಿ ತಿದ್ದಿ, ಕೀರ್ತನೆಯನ್ನು ಸಿನಿಮಾ ಹಾಡಿನ ಹಾಗೆ ಮಾಡಿಕೊಟ್ಟರು. ಮುಂಗಡ ವಾಪಸ್ ಬರಲಿಲ್ಲ. ಏನು ಬೇಕು, ಏನು ಬೇಡ ಅಂತ ಬರೆದು ಸಹಿ ಮಾಡಿಸಿದ ಮೇಲೇ ದುಡ್ಡು ಕೊಡಿ. ನಾವು ಕೊನೆಗೆ ಸಾಲ ತಂದ ಒಂದು ಮೈಕಿನಲ್ಲಿ, ಬೆಳಗ್ಗೆ ಬಸ್ ಓಡಾಟ ಶುರುವಾಗುವ ಮೊದಲು ಚರ್ಚಿನಲ್ಲೇ ಹಾಡಿ ತುಂಬಿಸಿದೆವು. ಹಿನ್ನೆಲೆಯಲ್ಲಿ ಹಕ್ಕಿ ಕೂಗುತ್ತದೆ, ಆದರೆ ಮಾತು ಕೇಳುತ್ತದೆ. ಕಲಿಯುವವರಿಗೆ ಅದು ಸಾಕು.

ಬರುವ ನವೆಂಬರ್ 29ಕ್ಕೆ ಬಿ ವರ್ಷ ಶುರು. ಆಗಮನ ಕಾಲದ ಕೀರ್ತನೆಗಳು 80, 85, ಮೂರನೇ ಭಾನುವಾರ ಲೂಕನ ಶುಭಸಂದೇಶದ ಮರಿಯಮ್ಮನವರ ಗೀತೆ, ನಾಲ್ಕನೆಯದಕ್ಕೆ 89. ಪಠ್ಯದ ಅನುಮತಿಗೆ ಪತ್ರ ಈ ವಾರವೇ ಕಳಿಸುತ್ತಿದ್ದೇವೆ. ನೀವೂ ಮಾಡುವವರಿದ್ದರೆ ನಿಮ್ಮ ಫಾದರ್ ಜೊತೆ ಈಗಲೇ ಮಾತಾಡಿ, ಜೂನ್ ದಾಟಿಸಬೇಡಿ. ನಮ್ಮ ಸ್ವರಲಿಪಿ ಬೇಕಾದವರು ನಿಮ್ಮ ಧರ್ಮಕೇಂದ್ರದ ಪತ್ರದೊಂದಿಗೆ ಕೇಳಿದರೆ ಕೊಡುತ್ತೇವೆ. 80ನೇ ಕೀರ್ತನೆಯ ಪಲ್ಲವಿ ಎರಡು ರೀತಿಯಲ್ಲಿ ಮಾಡಿಟ್ಟಿದ್ದೇವೆ. ಈ ಭಾನುವಾರ ಅಜ್ಜಿಗೆ ಹಾಡಿ ಕೇಳಿಸಬೇಕು.